ಹೆಬ್ಬೆಟ್ಟಿಗೊಂದು ಚೀಲ, ಚೀಲಕ್ಕೊಂದು ಬಾಟಲಿ

ಗೋವಿನಜೋಳ ಮೊಣಕಾಲೆತ್ತರ ಬಂದ ವಾರ ಗೊಬ್ಬರದಂಗಡಿಯ ಮುಂದೆ ಸರತಿ ಊರಗಸಿ ದಾಟುತ್ತದೆ. ಹೆಬ್ಬೆಟ್ಟು ಒತ್ತಿ, 266 ರೂಪಾಯಿ 50 ಪೈಸೆ ಎಣಿಸಿಟ್ಟು ಯೂರಿಯಾ ಚೀಲಕ್ಕೆ ಕೈ ಹಾಕಿದರೆ, "ಇದರ ಜೋಡಿ ಅದನ್ನೂ ತಗೋಬೇಕ್ರಿ" ಎಂದು ಎಲೆಗೆ ಸಿಂಪಡಿಸುವ ದ್ರವ ಯೂರಿಯಾದ ಅರ್ಧ ಲೀಟರಿನ ನ್ಯಾನೋ ಬಾಟಲಿ ಮುಂದೆ ಬರುತ್ತದೆ. ಇದಕ್ಕೆ ‘ಲಿಂಕ್’ ಎಂದು ಹೆಸರು. ಲಿಂಕ್ ಮಾಡಬಾರದು ಎಂದು ಪ್ರತಿ ಮುಂಗಾರಿಗೂ ಎಚ್ಚರಿಕೆಯ ಪ್ರಕಟಣೆ ಹೊರಡುತ್ತದೆ. ಪ್ರಕಟಣೆ ಗೋಡೆಯ ಮೇಲೆ, ಬಾಟಲಿ ಗಲ್ಲಾಪೆಟ್ಟಿಗೆಯ ಮೇಲೆ. ಒಂದಕ್ಕೊಂದು ತಕರಾರಿಲ್ಲ.

2021ರಲ್ಲಿ ಈ ಬಾಟಲಿ ಬಂದದ್ದೇ "ಒಂದು ಬಾಟಲಿ ಒಂದು ಚೀಲಕ್ಕೆ ಸಮ" ಎಂಬ ಮಂತ್ರದೊಡನೆ. ಆ ಬಾಟಲಿಯಲ್ಲಿ ಸಾರಜನಕ ಶೇ 4, ಅಂದರೆ 20 ಗ್ರಾಂ. 45 ಕೆ.ಜಿ. ಚೀಲದಲ್ಲಿ ಶೇ 46, ಅಂದರೆ 20.7 ಕಿಲೋ ಗ್ರಾಂ. ಎರಡೂ ಕಡೆ ಇಪ್ಪತ್ತೇ. ನಡುವೆ ‘ಕಿಲೋ’ ಎಂಬ ಎರಡಕ್ಷರ ಮಾತ್ರ ಎಲ್ಲೋ ಉದುರಿಹೋಗಿದೆ. ಅದನ್ನು ಹೆಕ್ಕಿ ತಂದರೆ ಒಂದು ಚೀಲಕ್ಕೆ 1,035 ಬಾಟಲಿ ಬೇಕು. ಬಾಟಲಿಗೆ 225 ರೂಪಾಯಿ ಹಿಡಿದರೆ ಒಂದು ಕಿಲೋ ಸಾರಜನಕದ ಬೆಲೆ 11,250 ರೂಪಾಯಿ. ಚೀಲದಲ್ಲಿ ಅದೇ ಕಿಲೋಗೆ ಹದಿಮೂರು ರೂಪಾಯಿ. ಆಮೇಲೆ ಬಂದ ‘ಪ್ಲಸ್’ ಬಾಟಲಿಯಲ್ಲಿ ಅಂಶ ಐದು ಪಟ್ಟು ಏರಿತು, 100 ಗ್ರಾಂ ಆಯಿತು. ಈಗ 207 ಬಾಟಲಿ ಸಾಕು. ಪ್ರಗತಿ ಎಂದರೆ ಇದು.

ಹರಳು ಯೂರಿಯಾ ಮೂರರಲ್ಲಿ ಎರಡು ಪಾಲು ಗಾಳಿಗೂ ನೀರಿಗೂ ಹೋಗುತ್ತದೆ, ನ್ಯಾನೋ ಹನಿ ಹನಿಯೂ ಎಲೆಯೊಳಗೆ ಇಳಿಯುತ್ತದೆ ಎಂಬುದು ಬಾಟಲಿಯ ಪರ ವಕಾಲತ್ತು. ಇರಲಿ, ಹಾಗೇ ಹಿಡಿಯೋಣ. ಚೀಲದಲ್ಲಿ ಆರೇಳು ಕಿಲೋ ಉಳಿಯಿತು, ಬಾಟಲಿಯಲ್ಲಿ ಒಂದು ಹನಿಯೂ ಚೆಲ್ಲದೆ 20 ಗ್ರಾಂ. ಎಕರೆಗೆ 25 ಕ್ವಿಂಟಲ್ ಗೋವಿನಜೋಳ ಬಂದರೆ ಬರೀ ಕಾಳಿನಲ್ಲೇ ಸುಮಾರು 35 ಕೆ.ಜಿ. ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಉಳಿದದ್ದನ್ನು ಬೆಳೆ ಎಲ್ಲಿಂದ ತರಬೇಕು? ಆತ್ಮನಿರ್ಭರವಾಗಿರಬಹುದು.

ಹರಳು ಹಾಳಾಗುತ್ತದೆ ಎಂಬುದೇನೋ ನಿಜ. ಅದಕ್ಕೆ ಮದ್ದು ಬಾಟಲಿಯಲ್ಲ, ಎಡೆಕುಂಟೆ. ನೀರಾವರಿ ಗೋವಿನಜೋಳಕ್ಕೆ ಹೆಕ್ಟೇರಿಗೆ 150 ಕೆ.ಜಿ. ಸಾರಜನಕ, ಎಕರೆಗೆ 60. ಬಿತ್ತುವಾಗ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಹಾಕಿದ್ದರೆ ಅದರಲ್ಲಿ 9 ಬಂತು. ಉಳಿದ 51ಕ್ಕೆ ಎರಡೂವರೆ ಚೀಲ ಯೂರಿಯಾ. ಸ್ವಲ್ಪ ಬಿತ್ತುವಾಗ, ದೊಡ್ಡ ಪಾಲು ಮೊಣಕಾಲೆತ್ತರಕ್ಕೆ ಬಂದಾಗ, ಉಳಿದದ್ದು ಸೂಲಂಗಿ ಒಡೆಯುವ ಮುಂಚೆ. ಸಾಲಿನಿಂದ ನಾಲ್ಕು ಬೆರಳು ಬಿಟ್ಟು ಹಾಕಿ, ಎಡೆ ಹೊಡೆದು ಮಣ್ಣು ಮುಚ್ಚಬೇಕು. ಕ್ಷಾರದ ಎರೆಮಣ್ಣಿನ ಹಸಿಯ ಮೇಲೆ ಹಾಗೇ ಎರಚಿದರೆ ಅಮೋನಿಯಾ ಆಗಿ ಹಾರುತ್ತದೆ. ಸುಳಿಯೊಳಗೆ ಬಿದ್ದರೆ ಎಲೆ ಸುಡುತ್ತದೆ. ಇದೆಲ್ಲ ಆಗಬೇಕಾದರೆ ಚೀಲ ಹೊತ್ತಿಗೆ ಬರಬೇಕು. ಗೊಬ್ಬರ ಹೊತ್ತ ರೈಲಿನ ರೇಕು ಮೊಣಕಾಲು ನೋಡಿ ಹೊರಡುವುದಿಲ್ಲ. ಅದು ಬರುವ ಹೊತ್ತಿಗೆ ತೆನೆಗೆ ಗಡ್ಡ ಬಂದಿರುತ್ತದೆ, ಸಿಕ್ಕಿತಲ್ಲ ಎಂದು ರೈತ ಎರಡೂವರೆ ಚೀಲವನ್ನೂ ಒಂದೇ ಸಲ ಎರಚುತ್ತಾನೆ. ಮರುದಿನ ಭಾಷಣ: ರೈತರು ಯೂರಿಯಾ ಅತಿಯಾಗಿ ಬಳಸುತ್ತಿದ್ದಾರೆ.

ಬಳಸದೆ ಏನು ಮಾಡಿಯಾನು? 2010ರ ಏಪ್ರಿಲ್‌ನಿಂದ ಪೋಷಕಾಂಶ ಆಧಾರಿತ ಸಬ್ಸಿಡಿ ಬಂತು, ಅತಿ ಹೆಚ್ಚು ಖರ್ಚಾಗುವ ಗೊಬ್ಬರವಾದ ಯೂರಿಯಾವನ್ನು ಮಾತ್ರ ಹೊರಗಿಟ್ಟು. ಹಾಗಾಗಿ ಅದೊಂದೇ ಅಗ್ಗವಾಗಿ ಉಳಿಯಿತು. ಡಿಎಪಿ 1,350 ರೂಪಾಯಿ, ಪೊಟ್ಯಾಷ್ ಯೂರಿಯಾದ ಐದು ಪಟ್ಟಿಗೂ ಮೇಲೆ. ಸಾರಜನಕ, ರಂಜಕ, ಪೊಟ್ಯಾಷ್ 4:2:1 ಇರಬೇಕೆಂದು ಜಪಿಸುವ ಅನುಪಾತ 2022-23ರಲ್ಲಿ 11.8:4.6:1 ಆಗಿತ್ತು. ಗೋವಿನಜೋಳದ ಹಿಂದೆಯೇ ಗೋಧಿ ಬಿತ್ತುವ ಹೊಲದಲ್ಲಿ ಪೊಟ್ಯಾಷಿನ ಕೊರತೆ ಬೇಗ ಕಾಣುತ್ತದೆ. ಬೆಳೆ ಎತ್ತಿದ ಪೊಟ್ಯಾಷಿನಲ್ಲಿ ಬಹುಪಾಲು ಇರುವುದು ಕಾಳಿನಲ್ಲಲ್ಲ, ಕಣಿಕೆ ಮತ್ತು ಹೊಟ್ಟಿನಲ್ಲಿ. ಎರಡೂ ದನಕ್ಕೆ ಹೋಗುತ್ತವೆ, ತಿಪ್ಪೆ ಮಾರಾಟವಾಗುತ್ತದೆ. ಆಮೇಲೆ ಕೆಳಗಿನ ಎಲೆಯ ಅಂಚು ಸುಟ್ಟಂತೆ ಕಂಡರೆ ರೋಗವೆಂದು ಔಷಧಿ ಹೊಡೆಯುವುದು. ಹಳದಿ ತುದಿಯಿಂದ ನಡುನರದಗುಂಟ ಒಳಕ್ಕೆ ಇಳಿದಿದ್ದರೆ ಸಾರಜನಕದ ಕೊರತೆ, ಅಂಚು ಸುಟ್ಟಿದ್ದರೆ ಪೊಟ್ಯಾಷಿನದು, ಎಳೆ ಸುಳಿ ಬೆಳ್ಳಗಾಗಿದ್ದರೆ ಸತುವಿನದು. ಸತುವಿನ ಸಲ್ಫೇಟ್ ಎಕರೆಗೆ 10 ಕೆ.ಜಿ. ಬೇಕು, ಅದನ್ನು ಡಿಎಪಿ ಜೊತೆ ಕಲಸಬಾರದು. ಲಿಂಕಿನಲ್ಲಿ ಸಿಗುವ ಸತುವಿನ ಪೊಟ್ಟಣ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ.

ಇದೆಲ್ಲ ಗೊತ್ತಾಗಲೆಂದೇ 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಬಂತು. ಹನ್ನೆರಡು ಪರೀಕ್ಷೆ, ಅಚ್ಚುಕಟ್ಟು. ಆದರೆ ಮಾದರಿ ತೆಗೆದದ್ದು ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಒಣಬೇಸಾಯದಲ್ಲಿ ಹತ್ತು ಹೆಕ್ಟೇರಿಗೆ ಒಂದು. ಮೂರೆಕರೆಯವನ ಚೀಟಿಯಲ್ಲಿ ಇರುವುದು ಪಕ್ಕದವನ ಮಣ್ಣು. ಅಕ್ಕಪಕ್ಕದವರ ರಕ್ತ ಪರೀಕ್ಷಿಸಿ ನಿಮ್ಮ ಸಕ್ಕರೆ ಹೇಳಿದ ಹಾಗೆ. ಅಂಗಡಿಯ ಯಂತ್ರವಂತೂ ಬೆರಳಿನ ಗೆರೆ ಓದುತ್ತದೆಯೇ ಹೊರತು ಚೀಟಿಯನ್ನಲ್ಲ.

ಗೋಧಿಗೆ ಬಿತ್ತಿದ 21ನೇ ದಿನದ ಸುಮಾರಿಗೆ ಕಿರೀಟ ಬೇರು ಒಡೆಯುತ್ತದೆ. ಆಗ ಕೊಡುವ ನೀರಿನೊಂದಿಗೆ ಉಳಿದರ್ಧ ಸಾರಜನಕ ಬೀಳದಿದ್ದರೆ ಮರಿ ಒಡೆಯುವುದು ಕಡಿಮೆ, ತೆನೆ ಕಡಿಮೆ. ಆ ದಿನಕ್ಕೂ ಚೀಲ ಇರುವುದಿಲ್ಲ, ಬಾಟಲಿ ಇರುತ್ತದೆ.

ಚೀಲವೂ ಸುಮ್ಮನೆ ಕೂತಿಲ್ಲ. ರೈತ ತೂಕ ನೋಡದೆ ಚೀಲ ಎಣಿಸಿ ಹಾಕುತ್ತಾನೆ, ಚೀಲ ಕಿರಿದಾದರೆ ಬಳಕೆ ತಗ್ಗುತ್ತದೆ ಎಂಬ ತರ್ಕದ ಮೇಲೆ 2018ರಲ್ಲಿ 50 ಕೆ.ಜಿ. ಚೀಲ 45 ಆಯಿತು. ಗಂಧಕ ಲೇಪಿಸಿದ ‘ಯೂರಿಯಾ ಗೋಲ್ಡ್’ 40 ಕೆ.ಜಿ.ಗೆ ಇಳಿಯಿತು, ಬೆಲೆ ಅದೇ 266 ರೂಪಾಯಿ 50 ಪೈಸೆ. ಹೀಗೇ ಇಳಿಯುತ್ತಾ ಹೋದರೆ, ಒಂದು ಬಾಟಲಿ ಒಂದು ಚೀಲಕ್ಕೆ ಸಮ ಎಂಬ ಮಾತನ್ನು ಮುಂದೊಂದು ದಿನ ಯಾರೂ ಸುಳ್ಳೆನ್ನಲು ಆಗದು.