ಕಡಲ ನೀರು ಪುಕ್ಕಟೆ, ಕರೆಂಟ್ ಬಿಲ್ ಮಾತ್ರ ನಿಮ್ಮದು

ವರ್ಷಕ್ಕೊಂದು ಸಲ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಪೆಟ್ರೋಲ್ ಸಾಯುತ್ತದೆ. ಕೊಲ್ಲುವವರು ಮಲ್ಪೆಯ ಚಿಕ್ಕಪ್ಪ. "ಸಮುದ್ರದ ನೀರಿನಿಂದ ಹೈಡ್ರೋಜನ್! ಪ್ಲಾಟಿನಂ ಬೇಡ, ಅಗ್ಗದ ನಿಕ್ಕಲ್ ಸಾಕು! ಅರಬ್ಬರು ಕಂಗಾಲು!" ಕೆಳಗೆ ಆರು ಬೆಂಕಿ ಇಮೋಜಿ.

2019ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರದಿ. ನೀರಿಗೆ ಕರೆಂಟ್ ಹಾಯಿಸಿ ಒಡೆದರೆ ಹೈಡ್ರೋಜನ್ ಬರುತ್ತದೆ; ಆದರೆ ಕಡಲ ಉಪ್ಪಿನಲ್ಲಿರುವ ಕ್ಲೋರೈಡ್, ಕರೆಂಟ್ ಕೊಡುವ ಪ್ಲಸ್ ತುದಿಯಾದ ಆನೋಡನ್ನು 12 ಗಂಟೆಯಲ್ಲೇ ತಿಂದು ಮುಗಿಸುತ್ತಿತ್ತು. ಅವರು ನಿಕ್ಕಲ್-ಕಬ್ಬಿಣದ ಪದರದ ಕೆಳಗೆ ನಿಕ್ಕಲ್ ಸಲ್ಫೈಡ್ ಹಾಕಿ ಅದನ್ನು 1,000 ಗಂಟೆ ದಾಟಿಸಿದರು. ನಿಜಕ್ಕೂ ದೊಡ್ಡ ಕೆಲಸ, ಅದಕ್ಕೆ ನಗುವಂತಿಲ್ಲ. ಆದರೆ 1,000 ಗಂಟೆ ಅಂದರೆ ಲೆಕ್ಕಕ್ಕೆ 41 ದಿನ ಚಿಲ್ಲರೆ. ಶಬರಿಮಲೆಗೆ ಮಾಲೆ ಹಾಕಿದವರೂ ಅಷ್ಟು ದಿನ ಶಿಸ್ತಾಗಿಯೇ ಇರುತ್ತಾರೆ. ಮಾಲೆ ಬಿಚ್ಚಿದ ಮೇಲಿನ ಕಥೆ ಅವರ ಹೆಂಡತಿಯರನ್ನು ಕೇಳಿ.

2023ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಪ್ಲಾಟಿನಂ ಬದಲಿಗೆ ಕೋಬಾಲ್ಟ್ ಆಕ್ಸೈಡ್ ಬಂತು. ಮತ್ತೆ ಆರು ಬೆಂಕಿ.

ವಿಜ್ಞಾನಿಗಳ ತಪ್ಪೇನಿಲ್ಲ ಬಿಡಿ. ಉಪ್ಪುನೀರಿಗೆ ಕರೆಂಟ್ ಕೊಟ್ಟರೆ ಒಂದು ಕಡೆ ಆಮ್ಲಜನಕದ ಬದಲು ಕ್ಲೋರಿನ್ ಎದ್ದು ಬ್ಲೀಚಿಂಗ್ ಪೌಡರ್ ವಾಸನೆ. ಇನ್ನೊಂದು ಕಡೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಸೇರಿ ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್‌ನಂತೆ ಬಿಳಿ ಗಟ್ಟಿ. ಅದನ್ನು ಗೆಲ್ಲಲು ಅವರು ಒದ್ದಾಡುತ್ತಿದ್ದಾರೆ. ತಮಾಷೆ ಇರುವುದು "ನೀರು ಪುಕ್ಕಟೆ, ಹಾಗಾಗಿ ಇಂಧನವೂ ಪುಕ್ಕಟೆ" ಎಂಬ ತಲೆಬರಹದಲ್ಲಿ.

ಒಂದು ಕೆಜಿ ಹೈಡ್ರೋಜನ್‌ಗೆ 9 ಲೀಟರ್ ನೀರು ಸಾಕು. ಅಷ್ಟು ಕಡಲ ನೀರನ್ನು ಸಿಹಿ ಮಾಡಲು ಬೇಕಾದ ಕರೆಂಟು 9 ವ್ಯಾಟ್‌ನ ಎಲ್‌ಇಡಿ ಬಲ್ಬನ್ನು ಸುಮಾರು 4 ಗಂಟೆ ಉರಿಸಿದಷ್ಟು. ಆ ನೀರನ್ನು ಒಡೆಯಲು? 50 ಯೂನಿಟ್‌ಗಿಂತ ಜಾಸ್ತಿ. ಅಂದರೆ ಉಪ್ಪು ತೆಗೆಯುವ ಖರ್ಚು ಉಳಿಸಿ ಬೀಗುವುದು, ಮದುವೆ ಖರ್ಚಿನಲ್ಲಿ ವೀಳ್ಯದೆಲೆಯ ಸುಣ್ಣ ಉಳಿಸಿದಂತೆ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ಮಾಡಲು 1,25,000 ಮೆಗಾವ್ಯಾಟ್ ಹೊಸ ಸೌರ, ಗಾಳಿ ವಿದ್ಯುತ್ ಬೇಕು ಅಂತ ನಮ್ಮ ಕೇಂದ್ರ ಸರ್ಕಾರವೇ ಹೇಳಿದೆ. ಆ ಸಾಲು ಯಾಕೋ ಫಾರ್ವರ್ಡ್ ಆಗುವುದೇ ಇಲ್ಲ.

ಈ ಸಲ ಸುಮ್ನೆ ಇರಲಾಗದೆ ಇಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಕೆಜಿ ಹೈಡ್ರೋಜನ್‌ನಲ್ಲಿ ಇರುವುದೇ 33 ಯೂನಿಟ್ ಶಕ್ತಿ ಅಂತಲೂ ಸೇರಿಸಿದೆ. ಚಿಕ್ಕಪ್ಪ ಹತ್ತು ನಿಮಿಷ "ಟೈಪಿಂಗ್" ಆದರು.

"ಹಾಗಾದ್ರೆ ಆ ಕರೆಂಟನ್ನೂ ಹೈಡ್ರೋಜನ್‌ನಿಂದಲೇ ಮಾಡಿದ್ರೆ ಆಯ್ತಲ್ಲ ಮಾರಾಯ?"

ಒಂಬತ್ತು ಹೆಬ್ಬೆರಳು ಬಿದ್ದವು. ಒಂದು ನಮ್ಮಮ್ಮನದು.