ಸತ್ಯಾಂಶ: ಪಿಕಪ್ ಹಿಂದಿನ ಸದ್ದಿಗೆಲ್ಲ ಹಳೇ ಆಯಿಲ್ ಮದ್ದಲ್ಲ

‘ಪಿಕಪ್ ಹಿಂದೆ ಸದ್ದು ಬಂದರೆ ಪ್ಲೇಟ್‌ಗಳ (ಹಿಂದಿನ ಸ್ಪ್ರಿಂಗ್‌ನ ಉಕ್ಕಿನ ಪಟ್ಟಿಗಳ) ಮೇಲೆ ಹಳೇ ಇಂಜಿನ್ ಆಯಿಲ್ ಸುರಿಯಿರಿ, ಸರಿಹೋಗುತ್ತದೆ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಇದು ತಪ್ಪು.

ಆಯಿಲ್ ಬಿದ್ದಾಗ ಪ್ಲೇಟ್‌ಗಳ ಕಿರಿಕಿರಿ ಸದ್ದು ಸ್ವಲ್ಪ ದಿನ ನಿಲ್ಲಬಹುದು, ನಿಜ. ಆದರೆ ಅದಕ್ಕೆ ಧೂಳು ಅಂಟುತ್ತದೆ. ಪ್ಲೇಟ್ ತುದಿಯ ರಬ್ಬರ್ ಬುಷ್ ಊದಿಕೊಂಡು ಹಾಳಾಗುತ್ತದೆ. ಬ್ರೇಕ್ ಲೈನರ್‌ಗೆ ತಾಗಿದರಂತೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ನನಗೆ ಜಾಸ್ತಿ ಭಯ ಇದರದ್ದೇ.

ಸದ್ದು ಯಾವಾಗ ಬರುತ್ತದೆ ಎಂದು ಮೊದಲು ಗಮನಿಸಿ. ಹಂಪ್ ಹತ್ತಿ ಇಳಿಯುವಾಗ ಮಾತ್ರ ಬಂದರೆ ಪ್ಲೇಟ್, ಬುಷ್, ಶ್ಯಾಕಲ್ (ಪ್ಲೇಟ್ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಅಥವಾ ಶಾಕ್ ಅಬ್ಸಾರ್ಬರ್ ನೋಡಬೇಕು. ಗಾಡಿ ಹೊರಡುವಾಗ, ಗೇರ್ ಬದಲಿಸುವಾಗ ‘ಟಣ್’ ಎಂದರೆ ಇಂಜಿನ್ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಅದರ ಕೀಲು) ಸವೆದಿರಬಹುದು. ವೇಗದ ಜೊತೆ ಏರುವ ಗುಂಯ್ ಸದ್ದು ಸಾಮಾನ್ಯವಾಗಿ ಚಕ್ರದ ಬೇರಿಂಗ್‌ನದ್ದು. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಆ ಸದ್ದು ಬದಲಾದರೆ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್‌ಗಳ ಗುಂಡು) ಮೇಲೆ ಅನುಮಾನ. ಅದರ ಆಯಿಲ್ ಮಟ್ಟ ನೋಡಿಸಿ. ಟೈರ್ ಒಂದೇ ಸಮ ಸವೆಯದಿದ್ದರೂ ಇಂಥದ್ದೇ ಸದ್ದು ಬರುತ್ತದೆ. ಹಾಗಾಗಿ ಸುಮ್ನೆ ಬೇರಿಂಗ್ ಬದಲಿಸಬೇಡಿ.

ಹಿಂದಿನ ಚಕ್ರ ಎತ್ತಿ ನೋಡುವುದಾದರೆ ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಹೆಚ್ಚಿನ ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ, ಅಲ್ವಾ? ಅವು ಮೇಲೆದ್ದಾಗ ಅದು ಗಾಡಿಯನ್ನು ತಡೆಯುವುದಿಲ್ಲ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತೂರಬೇಡಿ.