ಚಾರ್ಮಾಡಿ ಇಳಿಯುವಾಗ ಒಂದು ಲೋಟ

ಶಿವರಾತ್ರಿಗೆ ಎರಡು ದಿನ ಮೊದಲು, ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳ ಜೊತೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದೆ. ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದು ಕೊನೆಯ ಹಾದಿಯನ್ನಷ್ಟೇ ನಡೆದ ನನ್ನನ್ನು, ಬೆಂಗಳೂರು, ಹಾಸನದ ಕಡೆಯಿಂದ ದಿನಗಟ್ಟಲೆ ನಡೆದು ಬಂದವರ ಸಾಲಿಗೆ ಸೇರಿಸುವಂತಿಲ್ಲ.

ನಸುಕಿನಲ್ಲಿ ಹೊರಟಾಗ ಚಳಿ ಚೆನ್ನಾಗಿಯೇ ಇತ್ತು. ಇಳಿಜಾರು ತಾನೇ, ಸುಲಭ ಎಂದುಕೊಂಡಿದ್ದೆ. ಘಾಟಿ ಹತ್ತುವವನಿಗೆ ಏದುಸಿರು ಬರುತ್ತದೆ, ಇಳಿಯುವವನಿಗೆ ಮೊಣಕಾಲೂ ಹೆಬ್ಬೆರಳಿನ ಉಗುರೂ ಲೆಕ್ಕ ಕೇಳುತ್ತವೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿದ್ದ ಹೆದ್ದಾರಿ ಇದು. ಅಣ್ಣಪ್ಪಸ್ವಾಮಿ ಗುಡಿಗೆ ಕೈಮುಗಿದು ಕುಳಿತಾಗ ಎಡ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ದಾರಿಯಲ್ಲಿ ಅಲ್ಲಲ್ಲಿ ಸೇವೆ ನಡೆದಿತ್ತು: ಬೆಲ್ಲದ ಪಾನಕ, ಶುಂಠಿ ಹಾಕಿದ ಮಜ್ಜಿಗೆ, ಕಲ್ಲಂಗಡಿ ಹೋಳು. ಹೆಸರು ಕೇಳದೆ, ಊರು ಕೇಳದೆ ಕರೆದು ಕೊಡುವ ಆ ಕೈಗಳ ಬಗ್ಗೆ ನನಗೆ ಗೌರವವೇ ಇದೆ. ಆದರೆ ಕೊಡುವುದೆಲ್ಲ ಪೇಪರ್ ಲೋಟದಲ್ಲಿ, ಅದರ ಒಳಮೈಗೆ ಪ್ಲಾಸ್ಟಿಕ್ ಲೇಪ. ಕಸದ ಡಬ್ಬಿ ಇಟ್ಟಿರಲಿಲ್ಲವೆಂದಲ್ಲ. ಇಟ್ಟಿದ್ದು ಮೇಜಿನ ಪಕ್ಕದಲ್ಲಿ. ಪಾದಯಾತ್ರಿ ನಡೆಯುತ್ತಲೇ ಕುಡಿಯುತ್ತಾನೆ, ಲೋಟ ಬರಿದಾಗುವುದು ಐವತ್ತು ಹೆಜ್ಜೆ ಆಚೆ, ಅಲ್ಲಿರುವುದು ಕಾಡಿನ ಕಣಿವೆ. ಪರರನ್ನು ದೂರುವ ಮೊದಲು ಹೇಳಿಬಿಡುತ್ತೇನೆ, ಮಧ್ಯಾಹ್ನದೊಳಗೆ ನಾನೇ ಆರು ಲೋಟ ಎಸೆದಿದ್ದೆ.

ಏಳನೆಯದಕ್ಕೆ ಕೈಚಾಚಿದಾಗ ಪಕ್ಕದಲ್ಲಿದ್ದ ಅಜ್ಜ ಹೆಗಲ ಚೀಲಕ್ಕೆ ಸಣಬಿನ ಹುರಿಯಲ್ಲಿ ಕಟ್ಟಿದ್ದ ಸ್ಟೀಲ್ ಲೋಟ ಬಿಚ್ಚಿ ಮುಂದೆ ಹಿಡಿದರು. ಅಂಚು ನೆಗ್ಗಿದ್ದ ಲೋಟ. ಕುಡಿದು, ಒಂದು ಗುಟುಕು ನೀರು ಹಾಕಿಸಿಕೊಂಡು ಅಲುಗಾಡಿಸಿ, ಅದನ್ನೂ ಕುಡಿದು ಮತ್ತೆ ಕಟ್ಟಿಕೊಂಡರು. “ನೀನು ಲೋಟ ತಂದಿಲ್ವೇನಪ್ಪಾ?” ಎಂದಷ್ಟೇ ಕೇಳಿದರು. ನಾನು ತಂದದ್ದು ಪವರ್ ಬ್ಯಾಂಕು, ನೋವಿನ ಸ್ಪ್ರೇ, ಎರಡು ಜೊತೆ ಕಾಲುಚೀಲ.

ಈ ಬೆಟ್ಟಸಾಲಿನ ನೀರು ಮೃತ್ಯುಂಜಯ ಹೊಳೆಯಾಗಿ ಇಳಿದು, ಪಜಿರಡ್ಕದಲ್ಲಿ ನೇತ್ರಾವತಿಯನ್ನು ಸೇರಿ, ಅಲ್ಲಿಂದ ಧರ್ಮಸ್ಥಳದ ಸ್ನಾನಘಟ್ಟಕ್ಕೆ ಹರಿಯುತ್ತದೆ. ಎಂದರೆ ಘಾಟಿಯಲ್ಲಿ ನಾವು ಎಸೆದದ್ದು ಮಳೆಗಾಲದಲ್ಲಿ ಹಿಡಿಯುವ ದಾರಿಯೂ ನಮ್ಮ ಯಾತ್ರೆಯ ದಾರಿಯೇ. ನಾವು ಮೂರು ಮುಳುಗು ಹಾಕುವುದು ಅದೇ ನೀರಿನಲ್ಲಿ.

ಅಡಿಕೆ ಹಾಳೆಯ ದೊನ್ನೆ ಕೊಡಲಿ ಎಂದು ಗೆಳೆಯರೊಬ್ಬರು ಸೂಚಿಸಿದರು. ಅಡಿಕೆ ಸೀಮೆಯವನಾಗಿ ನನಗೂ ಅದು ಹಿತವೇ, ಆದರೆ ಸಾವಿರಾರು ಜನರಿಗೆ ದೊನ್ನೆ ಹೊಂದಿಸುವ ಖರ್ಚನ್ನೂ ಸೇವೆ ಮಾಡುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಪುಕ್ಕಟೆ ಕುಡಿಯುವವನು ಪಾತ್ರೆಯನ್ನಾದರೂ ತರಬೇಕು. ಸೇವೆಯ ಮೇಜಿನಲ್ಲಿ “ಲೋಟ ತಂದವರಿಗೆ ಮೊದಲು” ಎಂಬ ಒಂದು ಸಾಲಿನ ಬೋರ್ಡು ಇಟ್ಟರೆ ಸಾಕು, ಮುಂದಿನ ವರ್ಷ ಅರ್ಧ ಜನರ ಚೀಲದಲ್ಲಿ ಲೋಟ ಇರುತ್ತದೆ ಎಂಬುದು ನನ್ನ ಅಂದಾಜು.

ಮರುದಿನ ಉಜಿರೆಯ ಪಾತ್ರೆ ಅಂಗಡಿಯಲ್ಲಿ ಒಂದು ಲೋಟ ಕೊಂಡೆ. ಹುರಿ ಕಟ್ಟಲು ಅದಕ್ಕೆ ಕಿವಿಯಿಲ್ಲವೆಂದು ಗೊತ್ತಾದದ್ದು ಹೊರಗೆ ಬಂದ ಮೇಲೆ.